ಗಾಯಗೊಂಡ ಗಂಡು ಮೊಲವನ್ನು ತಳಿಗೆ ಉಳಿಸಿಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ನಿಮ್ಮ ಪತ್ರಿಕೆಯ ಕೃಷಿ ಪುಟದ ಪ್ರಶ್ನೋತ್ತರದಲ್ಲಿ ಮೊಲ ಸಾಕುವ ಓದುಗರೊಬ್ಬರು, ತಮ್ಮ ಗಂಡು ಮೊಲವನ್ನು ಇನ್ನೊಂದು ಗಂಡು ಕಚ್ಚಿ ಗಾಯ ಮಾಡಿದೆ, ಇನ್ನು ಮುಂದೆ ಅದನ್ನು ತಳಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದರು. ಉತ್ತರ ಎರಡೇ ಸಾಲಿನಲ್ಲಿತ್ತು: ಗಾಯಗೊಂಡ ಗಂಡನ್ನು ತಳಿಗೆ ಬಳಸಬಾರದು, ಕೂಡಲೇ ಮಾಂಸಕ್ಕೆ ಕೊಟ್ಟು ಹೊಸ ಗಂಡನ್ನು ತರಬೇಕು. ಆ ಎರಡು ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಗಾಯ ಎಲ್ಲಿ ಆಗಿದೆ, ಯಾಕೆ ಆಯಿತು, ಆಗಿ ಎಷ್ಟು ದಿನವಾಯಿತು, ಮೊಲ ಮೇವು ತಿನ್ನುತ್ತಿದೆಯೇ ಎಂಬ ಒಂದು ಮಾತನ್ನೂ ಕೇಳದೆ ಕೊಟ್ಟ ಆ ಸಲಹೆಯನ್ನು ನಂಬಿ ನಮ್ಮಂಥ ಸಣ್ಣ ಸಾಕಣೆದಾರರು ಒಳ್ಳೆಯ ಗಂಡನ್ನು ಕಳೆದುಕೊಳ್ಳಬಾರದು ಎಂಬ ಕಾಳಜಿಯಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ತೆಂಗಿನ ತೋಟದ ನೆರಳಿಗೆ ಶೆಡ್ ಹಾಕಿಕೊಂಡು, ನಮ್ಮ ಯಜಮಾನರೂ ನಾನೂ 11 ವರ್ಷಗಳಿಂದ ಮೊಲ ಸಾಕುತ್ತಿದ್ದೇವೆ. ಈಗ ನಮ್ಮಲ್ಲಿ 32 ಹೆಣ್ಣು, 5 ಗಂಡು ಇವೆ. ಹೆಚ್ಚಿನವು ನ್ಯೂಜಿಲೆಂಡ್ ವೈಟ್ ತಳಿಯವು, ಉಳಿದವು ಸೋವಿಯತ್ ಚಿಂಚಿಲ್ಲಾ ತಳಿಯವು. ಈ ಚಿಂಚಿಲ್ಲಾ ಗಂಡುಗಳಲ್ಲಿ ಒಂದರ ಕಥೆಯೇ ನನ್ನಿಂದ ಈ ಪತ್ರ ಬರೆಸುತ್ತಿದೆ.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಮಧ್ಯಾಹ್ನ, ಗೂಡು ತೊಳೆಯಲು ಬರುತ್ತಿದ್ದ ಹುಡುಗ ಎರಡು ಗಂಡುಗಳನ್ನು ಹೊರಗೆ ತೆಗೆದು, ತೊಳೆದ ಮೇಲೆ ಮರಳಿ ಬಿಡುವಾಗ ಎರಡನ್ನೂ ಒಂದೇ ಗೂಡಿಗೆ ಬಿಟ್ಟಿದ್ದ. ಹೊಸಬ, ಅವನಿಗೆ ತಿಳಿಸಿ ಹೇಳದೆ ಇದ್ದದ್ದು ನನ್ನದೇ ತಪ್ಪು. ಬೆಳೆದ ಎರಡು ಗಂಡು ಮೊಲಗಳನ್ನು ಒಂದೆಡೆ ಬಿಟ್ಟರೆ ಅವು ಕಿವಿಗೆ, ಬೆನ್ನಿಗೆ, ಬೀಜಕ್ಕೂ ಬಾಯಿ ಹಾಕುತ್ತವೆ. ಕಿರುಚಾಟ ಕೇಳಿ ನಾನು ಓಡಿಹೋಗುವಷ್ಟರಲ್ಲಿ ಗೂಡಿನ ತುಂಬ ಬೂದು ಕೂದಲು ಹಾರಾಡುತ್ತಿತ್ತು. ನಮ್ಮ ಚಿಂಚಿಲ್ಲಾ ಮೂಲೆಗೆ ಒತ್ತಿಕೊಂಡು ಕೂತಿತ್ತು. ಎತ್ತಿ ತಿರುವಿ ನೋಡಿದರೆ ಎಡಗಡೆಯ ವೃಷಣಚೀಲ ಉದ್ದಕ್ಕೆ ಸೀಳಿಹೋಗಿ, ಹಲಸಿನ ಬೀಜದಷ್ಟು ಉದ್ದದ ವೃಷಣ ಹೊರಗೆ ಜೋತುಬಿದ್ದಿತ್ತು. ರಕ್ತ ಅಷ್ಟೇನೂ ಇರಲಿಲ್ಲ. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಅದರಲ್ಲಿ ಬಟ್ಟೆ ಅದ್ದಿ ಗಾಯಕ್ಕೆ ಮುಚ್ಚಿ, ಹಣ್ಣಿನ ಬುಟ್ಟಿಯಲ್ಲಿ ಗೋಣಿಚೀಲ ಹಾಸಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೋದೆವು. ಅವರು ಅರಿವಳಿಕೆ ಕೊಟ್ಟು, ಒಣಗಿ ಬಣ್ಣಗೆಟ್ಟಿದ್ದ ಎಡ ವೃಷಣವನ್ನು ತೆಗೆದು ಹೊಲಿಗೆ ಹಾಕಿದರು. ಬರುವಾಗ ಹೇಳಿದ ಮಾತು ಇಂದಿಗೂ ನೆನಪಿದೆ: "ಅಮ್ಮಾ, ಒಂದು ಉಳಿದಿದೆ, ಅದು ಸಾಕಾಗಬಹುದು. ಆದರೆ ಎರಡು ತಿಂಗಳು ಇದನ್ನು ಹೆಣ್ಣಿನ ಹತ್ತಿರ ಬಿಡಬೇಡಿ, ಎರಡು ತಿಂಗಳು ಆಗುವವರೆಗೆ ಇದರ ವಿಷಯದಲ್ಲಿ ಯಾವ ತೀರ್ಮಾನಕ್ಕೂ ಬರಬೇಡಿ."

ಮನೆಗೆ ಬಂದಾಗ ನಮ್ಮ ಅತ್ತೆಯವರು ಜಗಲಿಯಲ್ಲಿ ಕೂತಿದ್ದರು. "ಊನ ಇರೋ ಗಂಡಿಗೆ ಊನದ ಮರಿಯೇ ಹುಟ್ಟೋದು, ಇಟ್ಕೋಬೇಡ" ಎಂದರು. ಅವರು ಹೇಳಿದ್ದು ಊರಿನ ಹತ್ತಾರು ಮಂದಿ ನಂಬಿದ ಮಾತು. ನಿಮ್ಮ ಕೃಷಿ ಪುಟದ ಉತ್ತರದ ಹಿಂದೆಯೂ ಇದೇ ನಂಬಿಕೆ ಇದ್ದೀತು ಎಂದು ನನ್ನ ಊಹೆ. ನಾನು ಅವರಿಗೆ ಹೇಳಿದ್ದು ಇಷ್ಟೇ: "ಅತ್ತೆ, ನಿಮ್ಮ ಕಿವಿ ಚುಚ್ಚಿದ್ದಾರೆ, ನಿಮ್ಮ ಅಮ್ಮನದ್ದು, ಅಜ್ಜಿಯದ್ದು ಎಲ್ಲ ಚುಚ್ಚಿದ್ದರು. ಆದರೂ ನಿಮ್ಮ ಮೊಮ್ಮಗಳನ್ನು ಅಕ್ಕಸಾಲಿಗರ ಹತ್ತಿರ ಕೂರಿಸಿ ಚುಚ್ಚಿಸಬೇಕಾಯಿತಲ್ಲ." ಹೊರಗಿನಿಂದ ಬಂದ ಗಾಯ ಮರಿಗಳಿಗೆ ಇಳಿಯುವುದಿಲ್ಲ. ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಇದನ್ನೇ ಪರೀಕ್ಷಿಸಲು ಇಲಿಗಳ ಬಾಲವನ್ನು ತಲೆಮಾರಿನಿಂದ ತಲೆಮಾರಿಗೆ ಕತ್ತರಿಸುತ್ತ ಹೋದರು. ಐದು ತಲೆಮಾರಿನಲ್ಲಿ ಹುಟ್ಟಿದ 900ಕ್ಕೂ ಹೆಚ್ಚು ಮರಿಗಳಲ್ಲಿ ಒಂದಾದರೂ ಬಾಲವಿಲ್ಲದೆ ಹುಟ್ಟಲಿಲ್ಲ. ಆದುದರಿಂದ ಕಿವಿ ಹರಿದ, ಬಾಲದ ತುದಿ ಹೋದ, ಉಗುರು ಕಿತ್ತುಹೋದ, ಜಗಳದಲ್ಲಿ ಒಂದು ಕಣ್ಣು ಕಳೆದುಕೊಂಡ ಗಂಡನ್ನು ಆ ಒಂದೇ ಕಾರಣಕ್ಕೆ ತಳಿಯಿಂದ ತೆಗೆಯುವುದರಲ್ಲಿ ಅರ್ಥವಿಲ್ಲ. ಪ್ರದರ್ಶನಕ್ಕೆ ಇಡುವವರಿಗೆ ಅದು ನಷ್ಟವಾಗಬಹುದು. ಮರಿಗಾಗಿ ಸಾಕುವವರಿಗೆ ಅಲ್ಲ.

ಹಾಗೆಂದು ಎಲ್ಲ ಗಾಯವನ್ನೂ ಹೊರಗಿನಿಂದ ಬಂದದ್ದು ಎಂದು ತಳ್ಳಿಹಾಕುವುದೂ ಸರಿಯಲ್ಲ. ಗಾಯ ಮರಿಗೆ ಬರುವುದಿಲ್ಲ, ಆದರೆ ಬೇಗ ಗಾಯವಾಗುವ ಮೈಕಟ್ಟು ಮರಿಗೆ ಬರಬಹುದು. ಹಿಮ್ಮಡಿ ಹುಣ್ಣನ್ನೇ ನೋಡಿ. ನಾಯಿ ಬೆಕ್ಕುಗಳಿಗಿರುವ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ, ಅಲ್ಲಿನ ದಟ್ಟ ಕೂದಲೇ ಅದಕ್ಕೆ ಮೆತ್ತೆ. ತಂತಿಬಲೆಯ ಮೇಲೆ ದಿನವಿಡೀ ಕೂರುವ, ನಾಲ್ಕೈದು ಕಿಲೋ ತೂಗುವ ಗಂಡಿನ ಹಿಮ್ಮಡಿಯಲ್ಲಿ ಆ ಕೂದಲು ಸವೆದು, ಚರ್ಮ ಕೆಂಪಾಗಿ, ಒಡೆದು ಹುಣ್ಣಾಗುತ್ತದೆ. ಬಲೆ ತುಕ್ಕು ಹಿಡಿದಿದ್ದರೆ, ಮೂತ್ರದಿಂದ ಒದ್ದೆಯಾಗಿದ್ದರೆ ತಪ್ಪು ನಮ್ಮದು. ಬಲೆಯ ಮೇಲೆ ಒಂದು ಹಲಗೆಯ ತುಂಡನ್ನೋ ಬಿದಿರಿನ ದಬ್ಬೆಯ ತಟ್ಟಿಯನ್ನೋ ಇಟ್ಟರೆ ಅನೇಕ ಸಲ ವಾಸಿಯಾಗುತ್ತದೆ. ಆದರೆ ಒಂದೇ ಸಾಲಿನಲ್ಲಿ, ಒಂದೇ ಬಲೆಯ ಮೇಲೆ, ಒಂದೇ ತೂಕದ ಐದು ಗಂಡುಗಳಿದ್ದು, ನಾಲ್ಕರ ಪಾದ ಚೆನ್ನಾಗಿದ್ದು, ಒಂದಕ್ಕೆ ಮಾತ್ರ ವಾಸಿಯಾದರೂ ಮತ್ತೆ ಮತ್ತೆ ಹುಣ್ಣಾಗುತ್ತಿದ್ದರೆ, ಅದರ ಅಂಗಾಲಿನ ಕೂದಲೇ ತೆಳುವಾಗಿರಬಹುದು. ಅಂಥ ಗಂಡಿನ ಮರಿಗಳಲ್ಲೂ ಅದೇ ತೊಂದರೆ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ನಾನು ಅದನ್ನು ತಳಿಗೆ ಬಳಸುವುದಿಲ್ಲ.

ಹಲ್ಲಿನ ವಿಷಯದಲ್ಲಿಯೂ ಹೀಗೆಯೇ. ಗೂಡಿನ ತಂತಿ ಕಚ್ಚಿ ಎಳೆದು ಬಾಚಿಹಲ್ಲು ಮುರಿದುಕೊಂಡ ಗಂಡಿಗೆ ಹೆದರಬೇಕಾಗಿಲ್ಲ. ಮೊಲದ ಬಾಚಿಹಲ್ಲು ಆಯುಷ್ಯದುದ್ದಕ್ಕೂ ವಾರಕ್ಕೆ ಸುಮಾರು 2 ಮಿಲಿಮೀಟರ್‌ನಂತೆ ಬೆಳೆಯುತ್ತಲೇ ಇರುತ್ತದೆ. ಅಷ್ಟು ದಿನ ಎದುರಿನ ಹಲ್ಲು ಉದ್ದವಾಗದಂತೆ ವೈದ್ಯರಿಂದ ಸವರಿಸಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಟ್ಟರೆ ಕೆಲವು ವಾರಗಳಲ್ಲಿ ಮೇಲಿನ ಕೆಳಗಿನ ಹಲ್ಲು ಮತ್ತೆ ಕೂಡಿಕೊಳ್ಳುತ್ತವೆ. ಯಾವ ಪೆಟ್ಟೂ ಬೀಳದೆ ಹಲ್ಲು ಓರೆಯಾಗಿ ಒಂದರ ಪಕ್ಕಕ್ಕೊಂದು ಬೆಳೆದಿದ್ದರೆ ಮಾತ್ರ ಅದು ತಳಿಯ ದೋಷ ಇರಬಹುದು. ಆ ಗಂಡು ಎಷ್ಟೇ ದಷ್ಟಪುಷ್ಟವಾಗಿದ್ದರೂ ಅದರಿಂದ ಮರಿ ಪಡೆಯಬಾರದು.

ಇನ್ನು ಗಾಯದಂತೆ ಕಂಡರೂ ಗಾಯವಲ್ಲದ ಒಂದೆರಡು ಸಂಗತಿಗಳಿವೆ. ಜನನಾಂಗದ ಸುತ್ತ, ಮೂಗಿನ ಅಂಚಿನಲ್ಲಿ, ತುಟಿಯಲ್ಲಿ ಹಕ್ಕಳೆಗಟ್ಟಿದ ಹುಣ್ಣು ಕಂಡರೆ ಅದು ಕಚ್ಚಿದ ಗಾಯ ಎಂದು ಮುಲಾಮು ಹಚ್ಚಿ ಬಿಡುವವರನ್ನು ನೋಡಿದ್ದೇನೆ. ಮೊಲಗಳಲ್ಲಿ ಸಿಫಿಲಿಸ್ ಎಂಬ ರೋಗವೊಂದಿದೆ. ಮನುಷ್ಯರಿಗೆ ಅದು ಅಂಟುವುದಿಲ್ಲ, ಆದರೆ ಕೂಡುವಾಗ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಇನ್ನೊಂದು ಗಂಡಿಗೆ ಹರಡುತ್ತದೆ. ಅಂಥ ಗಂಡನ್ನು ಎಂಟು ಹೆಣ್ಣಿಗೆ ಬಿಟ್ಟರೆ ಎಂಟಕ್ಕೂ ರೋಗ ಹಂಚಿದಂತೆಯೇ. ಸರಿಯಾದ ಚುಚ್ಚುಮದ್ದಿನಿಂದ ಅದು ಗುಣವಾಗುತ್ತದೆ, ಗುಣವಾದ ಮೇಲೆ ಗಂಡನ್ನು ಬಳಸಲೂಬಹುದು. ಆದರೆ ಅದು ಏನೆಂದು ಮೊದಲು ಗುರುತಿಸಬೇಕು. ಮೂಗು, ಕಿವಿ, ಬೆರಳುಗಳ ಮೇಲೆ ಬೂದಿ ಬಳಿದಂತೆ ದಪ್ಪ ಹಕ್ಕಳೆ ಕಟ್ಟುವ ಕಜ್ಜಿಯನ್ನೂ ಹೀಗೆಯೇ ಮೊದಲು ಗುರುತಿಸಬೇಕು. ಕಚ್ಚಿದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವು ಕಟ್ಟಿದ್ದರೆ, ಮೊಲದ ಕೀವು ದನದ ಕೀವಿನ ಹಾಗೆ ಹರಿದುಹೋಗುವುದಿಲ್ಲ. ಗಟ್ಟಿ ಗಿಣ್ಣಿನಂತೆ ಗಂಟಾಗಿ ನಿಲ್ಲುತ್ತದೆ. ಗಂಟು ಪೂರ್ತಿ ಹೋಗುವ ತನಕ ಆ ಗಂಡು ಹೆಣ್ಣಿನ ಹತ್ತಿರ ಹೋಗಬಾರದು.

ಚಿಕಿತ್ಸೆಯ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನೋ ಮಕ್ಕಳ ಔಷಧಿಯನ್ನೋ ಮೊಲದ ಬಾಯಿಗೆ ಹಾಕಬಾರದು. ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಹೆಚ್ಚಿ, ಭೇದಿಯಾಗಿ, ಗಾಯದಿಂದ ಸಾಯದ ಮೊಲ ಔಷಧಿಯಿಂದ ಸಾಯುತ್ತದೆ. ದನದ ಗಾಯಕ್ಕೆ ಹುಳು ಬಿದ್ದಾಗ ಹಾಕುವ ಖಾರದ ಎಣ್ಣೆಗಳನ್ನೂ ಮೊಲಕ್ಕೆ ಹಚ್ಚಬಾರದು. ಅದರ ಚರ್ಮ ಕಾಗದದಷ್ಟು ತೆಳು, ಮೇಲಾಗಿ ಹಚ್ಚಿದ್ದನ್ನೆಲ್ಲ ಅದು ನೆಕ್ಕುತ್ತದೆ.

ಈಗ ಆ ಎರಡು ತಿಂಗಳ ಮಾತಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಸಾಕಣೆದಾರರು ಹೆಚ್ಚು ಎಡವುವುದು ಇಲ್ಲಿಯೇ. ಗಂಡು ಮೊಲದ ವೃಷಣದಲ್ಲಿ ಒಂದು ವೀರ್ಯಾಣು ಹುಟ್ಟಿ, ಬೆಳೆದು, ಹೊರಬರುವಷ್ಟು ಪಕ್ವವಾಗಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಹಾಗಾಗಿ ಇವತ್ತು ಕೂಡಿದ ಗಂಡು ಕೊಡುವುದು ಎರಡು ತಿಂಗಳ ಹಿಂದೆ ತಯಾರಾಗಲು ತೊಡಗಿದ ಸರಕನ್ನು. ಗಾಯವಾದಾಗ ಬರುವ ಬಾವು, ಜ್ವರ, ಅಲ್ಲಿನ ಶಾಖ ಇವೆಲ್ಲ ಅರ್ಧ ಬೆಳೆದ ವೀರ್ಯಾಣುಗಳನ್ನು ಕೆಡಿಸುತ್ತವೆ. ಆದರೆ ಮೊದಲೇ ಪಕ್ವವಾಗಿ ಸಂಗ್ರಹದಲ್ಲಿ ಇದ್ದದ್ದು ಕೆಲವು ದಿನ ಉಳಿದಿರುತ್ತದೆ. ಇದರಿಂದ ಎರಡು ಬಗೆಯ ಮೋಸ ಆಗುತ್ತದೆ. ಗಾಯವಾದ ವಾರದೊಳಗೆ ಆತುರಪಟ್ಟು ಹೆಣ್ಣಿಗೆ ಬಿಟ್ಟವರಿಗೆ ಹೆಣ್ಣು ಗಬ್ಬವಾಗಿ, ಗಂಡು ಚೆನ್ನಾಗಿದೆ ಎಂಬ ಸುಳ್ಳು ಧೈರ್ಯ ಬರುತ್ತದೆ. ತಿಂಗಳ ನಂತರ ಬಿಟ್ಟವರಿಗೆ ಒಂದೂ ಗಬ್ಬ ನಿಲ್ಲದೆ, ಗಂಡು ಕೆಟ್ಟೇಹೋಯಿತು ಎಂದು ಅದನ್ನು ಮಾರಿಬಿಡುತ್ತಾರೆ. ಇನ್ನೊಂದು ತಿಂಗಳು ಕಾದಿದ್ದರೆ ಅದೇ ಗಂಡು ಸರಿಹೋಗಿರುತ್ತಿತ್ತೋ ಏನೋ.

ಬರಡಾದ ಗಂಡನ್ನು ಪರೀಕ್ಷಿಸದೆ ಬಳಸಿದರೆ ಆಗುವ ನಷ್ಟ ಆ ಗಂಡಿನ ಮೇವಿನ ಖರ್ಚಿಗೆ ಮುಗಿಯುವುದಿಲ್ಲ. ದನ ಕುರಿಗಳ ಹಾಗೆ ಹೆಣ್ಣು ಮೊಲ ತಾನಾಗಿ ಅಂಡ ಬಿಡುವುದಿಲ್ಲ. ಗಂಡು ಕೂಡಿದ ಪ್ರಚೋದನೆಯಿಂದ ಸುಮಾರು 10–12 ತಾಸಿನ ನಂತರ ಅಂಡ ಬಿಡುತ್ತದೆ. ಗಂಡಿನ ವೀರ್ಯದಲ್ಲಿ ಜೀವವಿರಲಿ ಬಿಡಲಿ, ಕೂಡಿದ್ದೇ ಹೆಣ್ಣಿನ ಮೈ ಗಬ್ಬವಾದಂತೆ ನಡೆದುಕೊಳ್ಳುತ್ತದೆ. ಈ ಹುಸಿ ಗಬ್ಬ 16ರಿಂದ 18 ದಿನ ಇರುತ್ತದೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಹೆಣ್ಣು ಎದೆಯ ಕೂದಲು ಕಿತ್ತು, ಬಾಯಲ್ಲಿ ಹುಲ್ಲು ಹೊತ್ತು, ಹುಟ್ಟದ ಮರಿಗೆ ಗೂಡು ಕಟ್ಟುತ್ತಿರುತ್ತದೆ. ಅದನ್ನು ನೋಡುವುದು ಕಷ್ಟ. ನಿಜವಾದ ಗಬ್ಬದ ಅವಧಿಯೇ 31 ದಿನ ಇರುವಾಗ, ಹೀಗೆ ಆರು ಹೆಣ್ಣುಗಳಲ್ಲಿ ತಲಾ 17 ದಿನ ಹೋದರೆ ನೂರಕ್ಕೂ ಹೆಚ್ಚು ದಿನ ಕಳೆದುಕೊಂಡ ಹಾಗಾಗುತ್ತದೆ.

ನಮ್ಮ ಚಿಂಚಿಲ್ಲಾ ಗಂಡಿಗೆ ಎರಡು ತಿಂಗಳು ತುಂಬಿದ್ದು ಮೇ ಮಧ್ಯದಲ್ಲಿ. ಆದರೂ ನಾವು ಬಿಡಲಿಲ್ಲ. ಶೆಡ್ಡಿನೊಳಗೆ ಬಿಸಿ 30 ಡಿಗ್ರಿ ದಾಟಿದ ದಿನಗಳಲ್ಲಿ ಗಾಯವಿಲ್ಲದ ಗಂಡುಗಳ ವೀರ್ಯವೇ ಸೊರಗುತ್ತದೆ; ಬೇಸಿಗೆಯಲ್ಲಿ ಸೋತ ಪರೀಕ್ಷೆ ಗಾಯದಿಂದ ಸೋತಿತೋ ಸೆಕೆಯಿಂದ ಸೋತಿತೋ ಹೇಳಲು ಬರುವುದಿಲ್ಲ. ಮೃಗಶಿರ ಮಳೆ ಹಿಡಿದು ಒಂದೆರಡು ವಾರ ತಂಪಾದ ಮೇಲೆ, ವರ್ಷಕ್ಕೆ ಐದು ಸೂಲು ತಪ್ಪದೆ ಕೊಡುತ್ತಿದ್ದ, ಸ್ವಭಾವದಲ್ಲಿ ಸೌಮ್ಯವಾದ ಎರಡು ಹೆಣ್ಣುಗಳನ್ನು ಆರಿಸಿಕೊಂಡೆ. ಸ್ವಭಾವ ನೋಡಿದ್ದು ಸುಮ್ಮನೆ ಅಲ್ಲ. ಕಚ್ಚಿಸಿಕೊಂಡ ಗಂಡಿಗೆ ಭಯ ಉಳಿದಿರುತ್ತದೆ; ಜೋರಿನ ಹೆಣ್ಣು ಒಂದು ಸಲ ಮೇಲೆ ಬಿದ್ದರೆ ಅದು ಮತ್ತೆ ಹತ್ತಿರ ಹೋಗದಿರಬಹುದು. ಹೆಣ್ಣನ್ನೇ ಗಂಡಿನ ಗೂಡಿಗೆ ಬಿಡಬೇಕೆಂಬುದು ಸಾಕಣೆದಾರರಿಗೆಲ್ಲ ಗೊತ್ತಿರುವ ಮಾತು. ಮೊದಲ ದಿನ ಅದು ಹೆಣ್ಣನ್ನು ಮೂಸಿ ಮೂಲೆಗೆ ಹೋಗಿ ಕೂತಿತು. ಎರಡನೆಯ ದಿನ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹತ್ತಿತು. ಹಿಂಗಾಲು ಗಟ್ಟಿಯಾಗಿ ಊರಿ, ಕೊನೆಗೆ ಸಣ್ಣ ದನಿ ತೆಗೆದು ಪಕ್ಕಕ್ಕೆ ಉರುಳಿಬಿತ್ತು. ಕೂಡುವುದು ಪೂರ್ತಿಯಾಗಿದೆ ಎಂಬುದಕ್ಕೆ ಅದೇ ಗುರುತು. ಬಿದ್ದ ಮೇಲೆ ಮೈ ಕೊಡವಿ ಎದ್ದು, ಹಿಂಗಾಲಿನಿಂದ ನೆಲ ಕುಟ್ಟಿತು. ಮೂರು ತಿಂಗಳಿಂದ ಆ ಸದ್ದು ಕೇಳಿರಲಿಲ್ಲ.

14ನೇ ದಿನ ಹೊಟ್ಟೆ ಮುಟ್ಟಿ ನೋಡಿದೆ. ಹೆಣ್ಣನ್ನು ಸಮತಟ್ಟಾದ ಗೋಣಿಯ ಮೇಲೆ ಕೂರಿಸಿ, ಎಡಗೈಯಲ್ಲಿ ಹೆಗಲು ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಕೆಳಹೊಟ್ಟೆಯನ್ನು ಮೆಲ್ಲಗೆ ಸವರಿದರೆ, ಗಬ್ಬವಾಗಿದ್ದಲ್ಲಿ ಗೋಲಿಯಂಥ ನುಣುಪಾದ ಉಂಡೆಗಳು ಸಾಲಾಗಿ ಜಾರುತ್ತವೆ. ಹಿಕ್ಕೆಯಾದರೆ ಚಿಕ್ಕದಾಗಿ, ಗಟ್ಟಿಯಾಗಿ, ಬೆನ್ನಿನ ಕಡೆಗೆ ಸಿಗುತ್ತದೆ. ಮೊದಲ ಹೆಣ್ಣಿನಲ್ಲಿ ಗೋಲಿ ಸಿಕ್ಕವು, ಎರಡನೆಯದರಲ್ಲಿ ಸಿಗಲಿಲ್ಲ. ಮೊದಲನೆಯದು ಐದು ಮರಿ ಹಾಕಿತು. ಜುಲೈ ಕೊನೆಗೆ ಮತ್ತೆರಡು ಹೆಣ್ಣಿಗೆ ಬಿಟ್ಟಾಗ ಎರಡೂ ಗಬ್ಬ ನಿಂತವು. ಒಂದೇ ವೃಷಣದ ಗಂಡು ಬೇಗ ದಣಿಯಬಾರದೆಂದು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಿಡಲಿಲ್ಲ, ಎಂಟು ಹೆಣ್ಣಿನ ಬದಲು ಆರನ್ನೇ ಅದರ ಪಾಲಿಗೆ ಇಟ್ಟೆ. ಅದರ ಗಂಡು ಮರಿಗಳೆಲ್ಲ ಎರಡೆರಡು ವೃಷಣದೊಂದಿಗೇ ಹುಟ್ಟಿ ಬೆಳೆದವು. ಅತ್ತೆಯವರೇ ಒಂದನ್ನು ತಿರುವಿ ನೋಡಿ, ಏನೂ ಹೇಳದೆ ಮಡಿಲಿನಲ್ಲಿ ಇಟ್ಟುಕೊಂಡರು.

ಇಲ್ಲೊಂದು ಸಣ್ಣ ಸೂಚನೆ. ಗಂಡು ಮೊಲ ಹೆದರಿದಾಗ ವೃಷಣಗಳನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳಬಲ್ಲದು. ಜಗಳದ ಮರುಗಳಿಗೆಯಲ್ಲಿ ಚೀಲ ಖಾಲಿ ಕಂಡಿತೆಂದು ಬೀಜವೇ ಹೋಯಿತು ಎಂದು ತೀರ್ಮಾನಿಸದೆ, ಅದು ಶಾಂತವಾದ ಮೇಲೆ ಇನ್ನೊಮ್ಮೆ ನೋಡಬೇಕು.

ಉಳಿಸಿಕೊಂಡದ್ದರ ಬಗ್ಗೆ ಮಾತ್ರ ಹೇಳಿ, ಉಳಿಸಿಕೊಳ್ಳಬಾರದಿತ್ತು ಎಂದು ಇಂದಿಗೂ ನೋಯುವ ಇನ್ನೊಂದನ್ನು ಮುಚ್ಚಿಟ್ಟರೆ ನಾನು ಬರೆದದ್ದು ಅರ್ಧ ಸತ್ಯವಾಗುತ್ತದೆ. ಚಿಂಚಿಲ್ಲಾಗೆ ಗಾಯವಾಗುವುದಕ್ಕೂ ಎರಡು ವರ್ಷ ಮೊದಲು, ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಿಂದ ತಂದ ತಳಿಯ ಗಂಡೊಂದು ನಮ್ಮಲ್ಲಿತ್ತು. ತೂಕ ನೋಡಲೆಂದು ಬಂದವರೊಬ್ಬರು ಅದನ್ನು ಕಿವಿ ಹಿಡಿದು ಎತ್ತಿದರು. ಮೊಲದ ಹಿಂಗಾಲಿನ ಸ್ನಾಯು ಬಲವಾದದ್ದು, ಎಲುಬು ಹಗುರವಾದದ್ದು. ಹಿಂಭಾಗಕ್ಕೆ ಕೈ ಆಸರೆ ಕೊಡದೆ ಎತ್ತಿದಾಗ ಅದು ಜಾಡಿಸಿ ಒದ್ದರೆ ಅದರ ಸೊಂಟದ ಹತ್ತಿರದ ಬೆನ್ನುಮೂಳೆ ತನ್ನ ಒದೆತಕ್ಕೆ ತಾನೇ ಮುರಿಯಬಹುದು. ಹಾಗೆಯೇ ಆಯಿತು. ಹಿಂಗಾಲು ಎರಡೂ ಬಿದ್ದುಹೋದವು. ಬರೀ ಬಾವಿನಿಂದ ಕಾಲು ಸೋತಿದ್ದರೆ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವುದುಂಟು, ಆದರೆ ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದರೂ ನೋವೇ ತಿಳಿಯುತ್ತಿಲ್ಲ, ಇದು ಏಳುವುದು ಕಷ್ಟ ಎಂದು ವೈದ್ಯರು ಎರಡನೆಯ ದಿನವೇ ಹೇಳಿದರು. ನಾನು ಕೇಳಲಿಲ್ಲ. ಅಷ್ಟು ದೂರದಿಂದ ತಂದ ತಳಿ, ಹೇಗಾದರೂ ಒಂದು ಸೂಲಿನ ಮರಿ ಸಿಕ್ಕಿದರೆ ಸಾಕು ಎಂಬ ಆಸೆಯಿಂದ 19 ದಿನ ಇಟ್ಟುಕೊಂಡೆ. ಒಂದು ದಿನ ಹೆಣ್ಣನ್ನೂ ಅದರ ಗೂಡಿಗೆ ಬಿಟ್ಟು ನೋಡಿದೆ. ಮುಂಗಾಲಿನಿಂದ ಮೈ ಎಳೆದುಕೊಂಡು ಅದು ಹೆಣ್ಣಿನ ಕಡೆಗೆ ಬಂದದ್ದನ್ನು ನಾನು ಮರೆತಿಲ್ಲ. ಮೂತ್ರ ತಾನಾಗಿ ಹರಿದು ತೊಡೆಯ ಚರ್ಮ ಬೆಂದಂತಾಗಿತ್ತು. ನೊಣ ಕೂತು ಹುಳುವಾಯಿತು. ಹಲ್ಲು ಕಡಿಯುತ್ತ, ಬೆನ್ನು ಗೂನು ಮಾಡಿಕೊಂಡು ಕೂತಿರುತ್ತಿತ್ತು. ಎರಡನೆಯ ದಿನವೇ ಅದನ್ನು ನೋವಿಲ್ಲದೆ ಕಳುಹಿಸಿಕೊಡಿ ಎಂದು ನಾನು ವೈದ್ಯರನ್ನು ಕೇಳಬೇಕಿತ್ತು.

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮು, ವಯಸ್ಸು, ರೋಗ, ಊನ, ಗಾಯ, ಹುಣ್ಣುಗಳಿಂದ ಅಸಮರ್ಥವಾದ ಪ್ರಾಣಿಯನ್ನು ಯಾವುದೇ ಕೆಲಸಕ್ಕೆ ಅಥವಾ ಯಾವುದೇ ಉದ್ದೇಶಕ್ಕೆ ಬಳಸುವುದನ್ನು ಹಿಂಸೆ ಎಂದೇ ಕರೆಯುತ್ತದೆ. ಗಾಡಿ ಎಳೆಯುವ ಎತ್ತಿನ ಹೆಗಲ ಹುಣ್ಣು ನಮ್ಮ ಕಣ್ಣಿಗೆ ಬೀಳುತ್ತದೆ. ತಳಿಗೆ ಬಿಡುವುದೂ ಒಂದು ಬಳಕೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ನೋವಿಲ್ಲದೆ ಹಿಂಗಾಲು ಊರಿ ನಿಲ್ಲಲಾಗದ, ತಾನಾಗಿ ಮೇವು ತಿನ್ನದ ಗಂಡಿನ ವಿಷಯದಲ್ಲಿ ತಳಿಯ ಪ್ರಶ್ನೆಯೇ ಏಳಬಾರದು. ಒಂದು ಮುಂಗಾಲು ಕಳೆದುಕೊಂಡ ಗಂಡು ಕೂಡಬಲ್ಲದು, ಒಂದು ಕಣ್ಣಿನದೂ ಕೂಡಬಲ್ಲದು. ಬೆನ್ನು ಸೋತದ್ದು ಆಗುವುದಿಲ್ಲ, ಆಗಿಸಲೂ ಕೂಡದು.

ನಿಮ್ಮ ಅಂಕಣದ ಉತ್ತರದಲ್ಲಿದ್ದ "ಕೂಡಲೇ ಮಾಂಸಕ್ಕೆ ಕೊಡಿ" ಎಂಬ ಮಾತಿಗೆ ನನ್ನ ಆಕ್ಷೇಪ ಇನ್ನೂ ಬಲವಾಗಿದೆ. ಕಚ್ಚಿದ ಗಾಯಕ್ಕೆ ಯಾರಾದರೂ ಒಂದೆರಡು ದಿನದಲ್ಲೇ ಚುಚ್ಚುಮದ್ದು ಕೊಡಿಸಿರುತ್ತಾರೆ. ಔಷಧಿಯ ಅಂಶ ಮೈಯಿಂದ ಹೋಗಲು ವೈದ್ಯರು ಹೇಳಿದಷ್ಟು ದಿನ ಬಿಡದೆ, ಕೀವುಗಟ್ಟಿದ ಗಾಯವಿರುವ ಮೊಲವನ್ನು ಮಾಂಸಕ್ಕೆ ಕೊಟ್ಟರೆ ಅದನ್ನು ತಿನ್ನುವವರ ಗತಿ ಏನು? ಕೊಳ್ಳುವವರು ನಮ್ಮನ್ನು ನಂಬಿ ಕೊಳ್ಳುತ್ತಾರೆ.

ಒಂದು ಗಂಡಿನ ಬಗ್ಗೆ ಇಷ್ಟು ಯೋಚನೆ ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಲೆಕ್ಕ ಹಾಕಿದರೆ, ಎಂಟು ಹೆಣ್ಣು, ವರ್ಷಕ್ಕೆ ಐದು ಸೂಲು, ಸೂಲಿಗೆ ಆರು ಮರಿ ಎಂದರೂ ಒಂದು ಗಂಡಿನಿಂದ ವರ್ಷಕ್ಕೆ 240 ಮರಿ ಬರುತ್ತವೆ. ಒಂದು ಹೆಣ್ಣಿನಿಂದ 30. ಹೆಣ್ಣನ್ನು ಆರಿಸುವಾಗ ಆದ ತಪ್ಪು ಒಂದು ಗೂಡಿನಲ್ಲಿ ಉಳಿದರೆ ಗಂಡಿನ ವಿಷಯದಲ್ಲಿ ಆದ ತಪ್ಪು ಎಂಟು ಗೂಡಿಗೆ ಹೋಗುತ್ತದೆ. ಆದ್ದರಿಂದಲೇ ಗಾಯಕ್ಕಿಂತ ಮುಂಚೆ ಆ ಗಂಡು ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ಸಾಧಾರಣ ಗಂಡು, ಮರಿಗಳ ಬೆಳವಣಿಗೆ ಸುಮಾರು, ಬದಲಿಗೆ ಒಳ್ಳೆಯದೊಂದು ಸಿದ್ಧವಿದೆ ಎಂದಾದರೆ ಮೂರು ತಿಂಗಳು ಕಾಯುವುದರಲ್ಲಿ ಅರ್ಥವಿಲ್ಲ. ವಾಸಿ ಮಾಡಿ ಯಾರಾದರೂ ಮನೆಯಲ್ಲಿ ಪ್ರೀತಿಗೆ ಸಾಕುವವರಿಗೆ ಕೊಡಬಹುದು. ಮರಿಗಳ ತೂಕ, ಹೆಣ್ಣುಮರಿಗಳ ತಾಯ್ತನ, ರೋಗ ತಡೆಯುವ ಶಕ್ತಿ ಎಲ್ಲದರಲ್ಲೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಮುಂದಿರುವ ಗಂಡಾದರೆ ಕಾಯುವುದು ಸಾರ್ಥಕ. ಗಾಯಕ್ಕೆ ಮುಂಚೆ ಹುಟ್ಟಿದ ಅದರ ಒಳ್ಳೆಯ ಮಗನೊಂದನ್ನು ಆಗಲೇ ಎತ್ತಿಟ್ಟುಕೊಳ್ಳಬೇಕು. ಆ ಮಗನನ್ನು ಅದರ ಅಕ್ಕತಂಗಿಯರಿಗೆ ಬಿಡದಂತೆ ನೋಡಿಕೊಳ್ಳಬೇಕು, ಅಷ್ಟೇ. ಇದೆಲ್ಲ ಗೊತ್ತಾಗಬೇಕಾದರೆ ಪುಸ್ತಕ ಬರೆದಿಟ್ಟಿರಬೇಕು. ನಮ್ಮ ಶೆಡ್ಡಿನ ಬಾಗಿಲಿಗೆ ನೇತುಹಾಕಿದ ಇನ್ನೂರು ಪುಟದ ನೋಟುಬುಕ್ಕೇ ಆ ಚಿಂಚಿಲ್ಲಾವನ್ನು ಉಳಿಸಿದ್ದು ಎಂದರೂ ಸರಿಯೇ.

ಕೃಷಿ ಪುಟದ ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಗಾಯಗೊಂಡ ಪ್ರಾಣಿಯ ಬಗ್ಗೆ ಪ್ರಶ್ನೆ ಬಂದಾಗ, ಉತ್ತರಿಸುವವರು ಕೇಳಿದವರಿಗೆ ಫೋನ್ ಮಾಡಿಯಾದರೂ ವಿವರ ತಿಳಿದು ಉತ್ತರ ಕೊಡಲಿ. ಹತ್ತಿರದ ಪಶುವೈದ್ಯರಿಗೆ ತೋರಿಸಿದ್ದಾರೆಯೇ ಎಂದು ಮೊದಲು ಕೇಳಲಿ. ಮೊಲದ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು ಹಳ್ಳಿಗಳ ಕಡೆ ಕಡಿಮೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆಯ ತಜ್ಞರಿಂದ ಈ ವಿಷಯದ ಮೇಲೆ ಒಂದು ಪೂರ್ಣ ಲೇಖನ ಬರೆಸಿದರೆ ನಮ್ಮಂಥವರು ಕತ್ತರಿಸಿ ಶೆಡ್ಡಿನಲ್ಲಿ ಅಂಟಿಸಿಕೊಳ್ಳುತ್ತೇವೆ.

ಪ್ರಶ್ನೆ ಕೇಳಿದ್ದ ಆ ಓದುಗರ ಗಂಡಿಗೆ ಗಾಯವಾಗಿ ಈಗ ಐದಾರು ವಾರ ಆಗಿರಬೇಕು. ಅದು ಇನ್ನೂ ಅವರ ಗೂಡಿನಲ್ಲಿದ್ದು, ಮೇವು ತಿನ್ನುತ್ತ, ಹಿಂಗಾಲು ಊರಿ ಓಡಾಡುತ್ತಿದ್ದರೆ, ಗಾಯದ ಜಾಗದಲ್ಲಿ ಗಂಟು ಉಳಿದಿಲ್ಲ ಎಂಬುದನ್ನು ವೈದ್ಯರಿಂದ ಒಮ್ಮೆ ನೋಡಿಸಿ, ಇನ್ನೊಂದು ತಿಂಗಳು ಹಾಗೆಯೇ ಬಿಡಲಿ. ಆಮೇಲೆ ತಂಪು ಹೊತ್ತಿನಲ್ಲಿ ಸೌಮ್ಯವಾದ ಒಂದು ಹೆಣ್ಣನ್ನು ಅದರ ಗೂಡಿಗೆ ಬಿಟ್ಟು, 14ನೇ ದಿನ ಹೊಟ್ಟೆ ಮುಟ್ಟಿ ನೋಡಲಿ ಎಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಮೊಲ ಸಾಕುವ ರೈತ ಮಹಿಳೆ,
ತಿಪಟೂರು ತಾಲ್ಲೂಕು